ಎಚ್‌ಒ (1:87 ಅಳತೆಯ ಮಾಡೆಲ್ ರೈಲು) ವ್ಯಾಗನ್‌ಗಳಿಗೆ ಪ್ಲಾಸ್ಟಿಕ್ ಬದಲು ಯಾವ ಅಳತೆಯ ಲೋಹದ ಗಾಲಿ ತರಿಸಲಿ?

ದಾವಣಗೆರೆಯಲ್ಲಿ ಇವು ಸಿಗುವುದಿಲ್ಲ, ಆನ್‌ಲೈನಲ್ಲಿ 33 ಇಂಚಿನದು ತರಿಸಲೋ 36 ಇಂಚಿನದೋ ಅಂತ ಕೇಳಿದ್ದೀರಿ (ಈ ಇಂಚು ನಿಜವಾದ ರೈಲಿನ ಗಾಲಿಯ ಅಳತೆ). ವ್ಯಾಸ ಆಮೇಲೆ ನೋಡೋಣ, ಮೊದಲು ಎರಡು ಗಾಲಿ ಜೋಡಿಸುವ ಅಚ್ಚಿನ (ಆಕ್ಸಲ್) ಉದ್ದ ಅಳೆಯಿರಿ. ದುಡ್ಡು ದಂಡವಾಗುವುದು ಹೆಚ್ಚಾಗಿ ಅಲ್ಲೇ.

ಹಳೇ ಗಾಲಿ ಜೋಡಿ ಬಿಚ್ಚಿ, ಡಿಜಿಟಲ್ ವರ್ನಿಯರ್‌ನಲ್ಲಿ ಮೊನೆಯಿಂದ ಮೊನೆಗೆ ಅಳತೆ ತೆಗೆಯಿರಿ. ಅಮೆರಿಕದ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ 25.8 ಮಿ.ಮೀ. ಆಸುಪಾಸು ಬರುತ್ತದೆ, ಯುರೋಪಿನವುಗಳಲ್ಲಿ ಇದಕ್ಕಿಂತ ಗಿಡ್ಡ ಅಚ್ಚುಗಳೂ ಇವೆ. ಅಚ್ಚು ಸ್ವಲ್ಪ ಉದ್ದವಾದರೂ ಅದನ್ನು ಹಿಡಿಯುವ ಪ್ಲಾಸ್ಟಿಕ್ ಚೌಕಟ್ಟು ಹೊರಕ್ಕೆ ಬಾಗಿ ಗಾಲಿ ಬಿಗಿಯುತ್ತದೆ. ಗಿಡ್ಡವಾದರೆ ಮೊನೆ ಚೌಕಟ್ಟಿನ ಗುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ. ವ್ಯಾಗನ್ ತುಸು ತಗ್ಗಿ ಅಕ್ಕಪಕ್ಕ ಓಲಾಡುತ್ತದೆ, ವ್ಯಾಗನ್‌ಗಳನ್ನು ಜೋಡಿಸುವ ಕೊಂಡಿಯ (ಕಪ್ಲರ್) ಎತ್ತರವೂ ತಪ್ಪುತ್ತದೆ.

ಇನ್ನು ವ್ಯಾಸ. ಅಮೆರಿಕದ ಹಳೇ ಬಾಕ್ಸ್‌ಕಾರ್‌ಗೆ (ಮುಚ್ಚಿದ ಸರಕು ವ್ಯಾಗನ್) 33 ಇಂಚು, ಅಂದರೆ ಮಾಡೆಲ್‌ನಲ್ಲಿ 9.6 ಮಿ.ಮೀ. 100 ಟನ್ನಿನ ವ್ಯಾಗನ್‌ಗೆ, ಪ್ಯಾಸೆಂಜರ್ ಕೋಚಿಗೆ 36 ಇಂಚು, 10.5 ಮಿ.ಮೀ. ನಮ್ಮ ಸ್ಟೇಷನ್‌ಗೆ ಬರುವ ನೀಲಿ ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಕೋಚಿನ ಹೊಸ ಗಾಲಿ 915 ಮಿ.ಮೀ., ಹಾಗಾಗಿ ಅದರ ಮಾಡೆಲ್‌ಗೂ 36 ಇಂಚಿನದೇ ಸರಿ. ಕಲ್ಲಿದ್ದಲು ಸಾಗಿಸುವ ತೆರೆದ ಬಾಕ್ಸ್‌ಎನ್ ವ್ಯಾಗನ್‌ನದು 1000 ಮಿ.ಮೀ.; ಅದಕ್ಕೆ 11.5 ಮಿ.ಮೀ. ಹುಡುಕಬೇಕು. ದೊಡ್ಡ ಗಾಲಿ ಹಾಕುವ ಮುಂಚೆ ತಳಕ್ಕೋ ಬ್ರೇಕ್ ಶೂಗೋ ಉಜ್ಜುತ್ತದಾ ನೋಡಿ.

ಗಾಲಿಯ ಅಗಲದಲ್ಲಿ ಎರಡು ಬಗೆ: ಕೋಡ್ 110 ಅಂದರೆ 2.8 ಮಿ.ಮೀ., ಕೋಡ್ 88 ಅಂದರೆ 2.2. ತೆಳುವಾದದ್ದು ನೋಡೋಕೆ ಚೆಂದ, ಆದರೆ ಸಾಮಾನ್ಯ ಪಾಯಿಂಟ್ಸ್‌ನ (ಹಳಿ ಕವಲೊಡೆಯುವ ಜಾಗ) ಫ್ರಾಗ್, ಅಂದರೆ ಹಳಿಗಳು ಒಂದನ್ನೊಂದು ದಾಟುವ ಕಡೆಯ ಬಿರುಕಿನಲ್ಲಿ ದಡಕ್ಕನೆ ಇಳಿಯುತ್ತದೆ. ಪಾಯಿಂಟ್ಸ್ ಜಾಸ್ತಿ ಇದ್ದರೆ 110 ತಗೊಳ್ಳಿ. ಎರಡು ಗಾಲಿಗಳ ಒಳಮೈ ನಡುವೆ 14.4ರಿಂದ 14.5 ಮಿ.ಮೀ. ಇರಬೇಕು, ಕಮ್ಮಿಯಿದ್ದರೆ ತಿರುಚುತ್ತಾ ಮೆಲ್ಲಗೆ ಹೊರಕ್ಕೆ ಎಳೆಯಿರಿ.

ಮೂರು ಹಳಿಯ ಎಸಿ ಮಾಡೆಲ್‌ನ ಗಾಲಿ ಅಗ್ಗಕ್ಕೆ ಸಿಕ್ಕಿತು ಅಂತ ತರಿಸಬೇಡಿ. ಅದಕ್ಕೆ ಇನ್ಸುಲೇಷನ್ ಇರುವುದಿಲ್ಲ, ಎರಡು ಹಳಿಯ ಮೇಲಿಟ್ಟ ಕೂಡಲೇ ಶಾರ್ಟ್. ಚೌಕಟ್ಟೂ ಲೋಹದ್ದಾದರೆ ಇನ್ಸುಲೇಷನ್ ಇರುವ ಗಾಲಿಗಳು ಒಂದೇ ಬದಿಗೆ ಬರುವಂತೆ ಕೂರಿಸಿ.

ಎಣ್ಣೆ ಮಾತ್ರ ಬೇಡ, ನಮ್ಮೂರ ಧೂಳು ಅದಕ್ಕೇ ಮೆತ್ತಿಕೊಳ್ಳುತ್ತದೆ. ಬೇಕಾದರೆ ಗುಳಿಗೆ ಚಿಟಿಕೆ ಗ್ರಾಫೈಟ್ ಪುಡಿ ಸಾಕು.

ನಾಲ್ಕು ಅಚ್ಚಿನ ವ್ಯಾಗನ್ ಆದರೆ 12ರ ಪ್ಯಾಕೆಟ್ ಮೂರಕ್ಕೆ ಆಗುತ್ತದೆ. ಮೊದಲು ಒಂದೇ ಪ್ಯಾಕೆಟ್ ತರಿಸಿ. ಒಂದು ಮೀಟರ್ ಹಳಿಯ ಒಂದು ತುದಿಯನ್ನು 2 ಸೆಂ.ಮೀ. ಎತ್ತಿ ವ್ಯಾಗನ್ ಬಿಡಿ. ತಾನಾಗಿ ಉರುಳಿದರೆ ಉಳಿದವಕ್ಕೂ ಅದೇ ಆರ್ಡರ್ ಮಾಡಿ.