ವಿಕ್ಟೋರಿಯನ್ ಕಾದಂಬರಿ ಓದುವ ಮೊದಲು ಆ ಯುಗದ ಇತಿಹಾಸ ಓದಿ ಮುಗಿಸಬೇಕೇ?

ಎಂ.ಎ. ಇಂಗ್ಲಿಷ್, ವಿಕ್ಟೋರಿಯನ್ ಕಾದಂಬರಿಯ ಪೇಪರ್, ಓದುವ ವೇಗ ಕಡಿಮೆ, ಮೊದಲು ಇತಿಹಾಸ ಮುಗಿಸಲೇ ಅಥವಾ ನೇರವಾಗಿ ಕಾದಂಬರಿಗೇ ಇಳಿಯಲೇ ಎಂಬ ಗೊಂದಲ: ಇದು ನೀವು ಕೇಳಿದ ಪ್ರಶ್ನೆ. ನಾನು ನಿಂತಿದ್ದೂ ಇದೇ ಜಾಗದಲ್ಲಿ. ಇತಿಹಾಸದಿಂದಲೇ ಶುರು ಮಾಡಿದೆ. ಗೈಡಿನ ‘ಯುಗದ ಲಕ್ಷಣಗಳು’ ಭಾಗವನ್ನು ಬಾಯಿಪಾಠ ಮಾಡಿಕೊಂಡೆ: ವಿಕ್ಟೋರಿಯಾ ರಾಣಿಯ ಆಳ್ವಿಕೆ 1837ರಿಂದ 1901, ರೈಲು, ಕಾರ್ಖಾನೆ, ಡಾರ್ವಿನ್. ಆಮೇಲೆ ಕಾದಂಬರಿ ಹಿಡಿದೆ. ಕೆಟ್ಟದ್ದು ಅಲ್ಲೇ.

ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಕುರಿತು ಸೆಮಿನಾರ್ ಪ್ರಬಂಧ ಬರೆಯಬೇಕಿತ್ತು. ಗಡೀಪಾರಾದ ಕೈದಿ ಮ್ಯಾಗ್ವಿಚ್ ಆಸ್ಟ್ರೇಲಿಯಾದಿಂದ ಕದ್ದು ವಾಪಸು ಬಂದು, ಸಿಕ್ಕಿಬಿದ್ದರೆ ತನಗೆ ಸಾವೇ ಗತಿ ಎನ್ನುತ್ತಾನಲ್ಲ, ಅದು ಬರೀ ಉತ್ಪ್ರೇಕ್ಷೆ ಎಂದು ಬರೆದೆ. ಆ ಅಪರಾಧಕ್ಕಿದ್ದ ಮರಣದಂಡನೆ 1834ರಲ್ಲೇ ರದ್ದಾಗಿತ್ತು ಎಂಬುದು ನನ್ನ ಆಧಾರ. ಕಾನೂನಿನ ವರ್ಷ ಸರಿಯಿತ್ತು, ತೀರ್ಮಾನ ಪೂರ್ತಿ ತಪ್ಪಾಗಿತ್ತು. ಮೇಷ್ಟ್ರು ಅಂಚಿನಲ್ಲಿ ‘ಕಥೆ ಯಾವ ವರ್ಷದ್ದು?’ ಎಂದಷ್ಟೇ ಬರೆದು ಅರ್ಧದಷ್ಟು ಅಂಕ ಕಳೆದಿದ್ದರು.

ತಪ್ಪು ಎಲ್ಲಿತ್ತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಹೊರಟಿರುವ ದಾರಿಯಲ್ಲಿ ಇದೇ ತಪ್ಪು ಕಾದಿದೆ. ಕಾದಂಬರಿ ಅಚ್ಚಾದದ್ದು 1860–61ರಲ್ಲಿ. ಕಥೆ ನಡೆಯುವುದು ಅದಕ್ಕೂ ಹಲವು ದಶಕ ಹಿಂದೆ, ವಿಕ್ಟೋರಿಯಾ ಪಟ್ಟಕ್ಕೆ ಬರುವ ಮೊದಲು. ಕಥಾನಾಯಕ ಪಿಪ್ ಲಂಡನ್ನಿಗೆ ಹೋಗುವುದು ರೈಲಿನಲ್ಲಲ್ಲ, ನಾಲ್ಕು ಕುದುರೆಯ ಗಾಡಿಯಲ್ಲಿ, ಸುಮಾರು ಐದು ಗಂಟೆಯ ದಾರಿ (ಅಧ್ಯಾಯ 20). ಅವನಿಗೆ ಗುಟ್ಟಾಗಿ ತಲುಪುವುದು ಒಂದು ಪೌಂಡಿನ ಎರಡು ನೋಟು (ಅಧ್ಯಾಯ 10); ಬ್ಯಾಂಕ್ ಆಫ್ ಇಂಗ್ಲೆಂಡ್ 1797ರಲ್ಲಿ ಹೊರಡಿಸಿದ ಆ ನೋಟು 1820ರ ದಶಕದಲ್ಲೇ ಚಲಾವಣೆಯಿಂದ ಹೋಗಿತ್ತು. ಅವನು ದೋಣಿ ಹುಟ್ಟು ಹಾಕುವುದು ಹಳೇ ಲಂಡನ್ ಸೇತುವೆಯ ಕಡೆಗೆ (ಅಧ್ಯಾಯ 46). ಹೊಸ ಸೇತುವೆ ತೆರೆದದ್ದು 1831ರಲ್ಲಿ. ಇವನ್ನೆಲ್ಲ ಜೋಡಿಸಿದರೆ ಮ್ಯಾಗ್ವಿಚ್ ಮರಳಿದ್ದು 1834ಕ್ಕೆ ಮೊದಲು. ಅಂದರೆ ಅವನ ಕುತ್ತಿಗೆಗೆ ನೇಣು ನಿಜವಾಗಿಯೂ ಇತ್ತು. ಅದನ್ನು ಉತ್ಪ್ರೇಕ್ಷೆ ಎಂದುಬಿಟ್ಟರೆ ಮೂರನೇ ಭಾಗದ ಉಸಿರೇ ನಿಂತುಹೋಗುತ್ತದೆ. ಪಿಪ್ ಆ ಮನುಷ್ಯನ ಕೈ ಬಿಡದೆ ಹಿಡಿದುಕೊಳ್ಳುವುದಕ್ಕೆ ಬೆಲೆಯೇ ಇರುವುದಿಲ್ಲ.

ಇದನ್ನು ಹುಡುಕಲು ಇತಿಹಾಸದ ಪುಸ್ತಕ ಬೇಕಿರಲಿಲ್ಲ. ‘ಆ ದಿನಗಳಲ್ಲಿ’, ‘ಆಗಿನ್ನೂ’ ಎಂದು ಕಥೆ ಹೇಳುವ ಮುದಿ ಪಿಪ್ ತಾನೇ ಹೇಳುತ್ತಾನೆ. 54ನೇ ಅಧ್ಯಾಯದಲ್ಲಂತೂ ಥೇಮ್ಸ್ ನದಿಯಲ್ಲಿ ಆಗ ಉಗಿಹಡಗು ಈಗಿನಷ್ಟು ಇರಲಿಲ್ಲ ಎಂದೇ ಬರೆದಿದೆ. ನಾನು ಆ ಸಾಲುಗಳ ಮೇಲೆ ಕಣ್ಣಾಡಿಸಿಕೊಂಡು ಮುಂದೆ ಹೋಗಿದ್ದೆ, ಏಕೆಂದರೆ ‘ಯುಗ’ ನನಗೆ ಮೊದಲೇ ಗೊತ್ತಿತ್ತು!

ಹಾಗಾಗಿ ಮೊದಲು ಇತಿಹಾಸ, ಆಮೇಲೆ ಕಾದಂಬರಿ ಎಂಬ ನಿಮ್ಮ ಅನುಕ್ರಮವನ್ನೇ ಬಿಡಿ ಎನ್ನುತ್ತೇನೆ. ಪ್ರತಿ ಕಾದಂಬರಿಯ ಮೊದಲ ಖಾಲಿ ಹಾಳೆಯಲ್ಲಿ ಎರಡು ವರ್ಷ ಬರೆಯಿರಿ: ಅಚ್ಚಾದದ್ದು, ಕಥೆ ನಡೆದದ್ದು. ಎರಡನೆಯದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ, ಓದುತ್ತಾ ತಿದ್ದಬೇಕಾಗುತ್ತದೆ. ನೋಟ್‌ಬುಕ್ಕಿನಲ್ಲಿ ಅಧ್ಯಾಯದ ಸಂಖ್ಯೆ ಹಾಕಿ ವಾಹನ, ನೋಟು-ನಾಣ್ಯ, ಕಾಯಿಲೆ, ಕಾನೂನು, ದೊರೆಯ ಹೆಸರು ಬಂದಲ್ಲೆಲ್ಲ ಒಂದೊಂದು ಸಾಲು ಗುರುತು ಮಾಡಿಕೊಳ್ಳಿ. ಅರ್ಥವಾಗದ ಸುಳಿವಿಗೆ ಮಾತ್ರ ಇತಿಹಾಸದ ಪುಸ್ತಕ ತೆಗೆಯಿರಿ.

ಜಾರ್ಜ್ ಎಲಿಯಟ್‌ಳ ‘ಮಿಡ್ಲ್‌ಮಾರ್ಚ್’ ನಿಮ್ಮ ಪಟ್ಟಿಯಲ್ಲಿದ್ದರೆ ಈ ಲೆಕ್ಕ ಇನ್ನೂ ಮುಖ್ಯ. ಅಚ್ಚಾದದ್ದು 1871–72ರಲ್ಲಿ, ಕಥೆ 1829ರಿಂದ 1832ರವರೆಗಿನದು. 56ನೇ ಅಧ್ಯಾಯದಲ್ಲಿ ರೈಲು ದಾರಿ ಅಳೆಯಲು ಬಂದವರನ್ನು ಕೂಲಿಗಳು ಹುಲ್ಲು ಎತ್ತುವ ಕವೆಗೋಲು ಹಿಡಿದು ಅಟ್ಟುತ್ತಾರೆ. ರೈಲು ಬಂದೇ ಬಂತೆಂದು 1871ರ ಓದುಗನಿಗೆ ಗೊತ್ತು, ಆ ಕೂಲಿಗಳಿಗೆ ಗೊತ್ತಿಲ್ಲ. 1832ರ ಮತದಾನ ಸುಧಾರಣೆಯ ಗದ್ದಲವನ್ನು ಅವಳು ಬರೆದದ್ದು 1867ರ ಎರಡನೇ ಸುಧಾರಣೆ ಆದಮೇಲೆ. ಆ ನಲವತ್ತು ವರ್ಷದ ಅಂತರವನ್ನು ಹಿಡಿದು ಉತ್ತರ ಬರೆಯಿರಿ; ‘ವಿಕ್ಟೋರಿಯನ್ ಸಮಾಜದ ಕನ್ನಡಿ’ ಎಂಬ ಗೈಡಿನ ಸಾಲು ಅಲ್ಲಿ ನಿಲ್ಲುವುದಿಲ್ಲ.

ಇನ್ನು ವೇಗ. ನಿಧಾನವಾಗಿ ಓದುವುದು ಇಲ್ಲಿ ಕೊರತೆಯೇ ಅಲ್ಲ, ಇವುಗಳಲ್ಲಿ ಹಲವನ್ನು ಬರೆದದ್ದೇ ಕಂತಿನಲ್ಲಿ ಓದಲು. ನಮ್ಮ ವಾರಪತ್ರಿಕೆಗಳ ಧಾರಾವಾಹಿಯಂತೆ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಎರಡು ಪೆನ್ಸ್‌ನ ವಾರಪತ್ರಿಕೆಯಲ್ಲಿ 36 ಕಂತಾಗಿ ಬಂತು. ದಿನಕ್ಕೆ ಎರಡು ಕಂತಿನಷ್ಟು ಓದಿದರೆ 18 ದಿನ ಸಾಕು. ಕಂತು ಎಲ್ಲೆಲ್ಲಿ ಮುರಿಯುತ್ತದೆ ಎಂದು ಗುರುತಿಸಿಕೊಂಡರೆ, ಅಧ್ಯಾಯದ ಕೊನೆಗೆ ಬಾಗಿಲು ತಟ್ಟುವ ಸದ್ದು ಏಕೆ ಬರುತ್ತದೆ ಎಂಬುದೂ ತಿಳಿಯುತ್ತದೆ.

‘ಜೇನ್ ಐರ್’ (1847) ಧಾರಾವಾಹಿಯಲ್ಲ, ಮೂರು ಸಂಪುಟದ ಪುಸ್ತಕ. ಆಗ ಇಂಥ ಕಾದಂಬರಿಯ ಬೆಲೆ ಸಾಮಾನ್ಯವಾಗಿ 31 ಶಿಲಿಂಗ್ 6 ಪೆನ್ಸ್, ಕೊಳ್ಳುವವರು ಕಡಿಮೆ. ಚಂದಾ ಪಡೆದು ಪುಸ್ತಕ ಎರವಲು ಕೊಡುತ್ತಿದ್ದ ಮ್ಯೂಡಿಯ ಗ್ರಂಥಾಲಯದಲ್ಲಿ ವರ್ಷಕ್ಕೆ ಒಂದು ಗಿನಿ (21 ಶಿಲಿಂಗ್) ಕಟ್ಟಿದವರು ಒಂದು ಸಲಕ್ಕೆ ಒಂದು ಸಂಪುಟ ಒಯ್ಯುತ್ತಿದ್ದರು. ಈಗಿನ ಅಗ್ಗದ ಪ್ರತಿಗಳಲ್ಲಿ ಅಧ್ಯಾಯ 1ರಿಂದ 38ರವರೆಗೆ ಸಲೀಸಾಗಿ ಹರಿದುಬಿಡುತ್ತದೆ, ಸಂಪುಟದ ಗಡಿ ಕಾಣುವುದಿಲ್ಲ. 15ರ ಕೊನೆಗೆ ಮತ್ತು 26ರ ಕೊನೆಗೆ ಗೆರೆ ಎಳೆಯಿರಿ. ಮೊದಲನೆಯದು ಕಥಾನಾಯಕಿ ಜೇನ್ ಕೆಲಸಕ್ಕಿದ್ದ ಮನೆಯ ಯಜಮಾನ ರಾಚೆಸ್ಟರನ ಹಾಸಿಗೆಗೆ ಬೆಂಕಿ ಬಿದ್ದ ರಾತ್ರಿ, ಎರಡನೆಯದು ಅವರಿಬ್ಬರ ಮುರಿದುಬಿದ್ದ ಮದುವೆಯ ದಿನ.

ಕೊಳ್ಳುವಾಗ ಸಂಕ್ಷಿಪ್ತ ಪ್ರತಿ ಕೈಗೆ ಬರದಂತೆ ಅಧ್ಯಾಯ ಎಣಿಸಿ: ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ 59, ‘ಜೇನ್ ಐರ್’ 38, ‘ವುದರಿಂಗ್ ಹೈಟ್ಸ್’ 34, ‘ಮಿಡ್ಲ್‌ಮಾರ್ಚ್’ 86 ಜೊತೆಗೆ ಮುನ್ನುಡಿ, ಮುಕ್ತಾಯ. ಪೆಂಗ್ವಿನ್ ಕ್ಲಾಸಿಕ್ಸ್ ಅಥವಾ ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್ ಹಳೆಯ ಪ್ರತಿ ಸಿಕ್ಕರೂ ಸಾಕು, ಹಿಂದೆ ಟಿಪ್ಪಣಿ ಇರುತ್ತದೆ. ಮೊದಲು ‘ವುದರಿಂಗ್ ಹೈಟ್ಸ್’ ಹಿಡಿಯಿರಿ. ಅದು 1801 ಎಂಬ ವರ್ಷದಿಂದಲೇ ಶುರುವಾಗುತ್ತದೆ, ಅಚ್ಚಾದದ್ದು 1847ರಲ್ಲಿ. ನಿಮ್ಮ ಖಾಲಿ ಹಾಳೆಯ ಎರಡೂ ವರ್ಷ ಮೊದಲ ದಿನವೇ ತುಂಬುತ್ತವೆ.