ಪೈಪು ಎಲ್ಲಿ ಕಟ್ಟಿದೆ? ದುಡ್ಡು ಕೊಡುವ ಮೊದಲು ಅದನ್ನು ನೋಡಿ

ಸಿಂಕು, ಬಚ್ಚಲು, ಚೇಂಬರ್, ಗುಂಡಿ ಕಟ್ಟಿಕೊಳ್ಳುವ ಬಗ್ಗೆ ಮೈಸೂರು, ಮಂಡ್ಯದ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಉತ್ತರಿಸಿದವರು ಮೈಸೂರಿನಲ್ಲಿ ಬಹಳ ವರ್ಷಗಳಿಂದ ಮನೆಗಳ ನೀರು ಮತ್ತು ಒಳಚರಂಡಿ ಕೆಲಸ ಮಾಡಿಸುತ್ತಿರುವ ಸಿವಿಲ್ ಎಂಜಿನಿಯರ್.

ನಮ್ಮ ಅಡುಗೆಮನೆಯ ಸಿಂಕ್ ಎರಡು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತದೆ. ಪ್ಲಂಬರ್ ಬಂದು ಪೈಪಿನೊಳಗೆ ಸುರುಳಿ ತಂತಿಯ ಸ್ಪ್ರಿಂಗ್ ಹಾಕಿ 500 ರೂಪಾಯಿ ತೆಗೆದುಕೊಂಡು ಹೋಗುತ್ತಾರೆ. ಈ ಸಲ ಬಂದವರು ಇಡೀ ಮನೆಗೆ ಜೆಟ್ಟಿಂಗ್ ಮಾಡಿಸಿ, 6,000 ಆಗುತ್ತದೆ ಎಂದರು. ಮಾಡಿಸಬೇಕಾ ಸರ್?
ಗೃಹಿಣಿ, ಕುವೆಂಪುನಗರ

ಈಗಲೇ ಬೇಡಮ್ಮ. ಜೆಟ್ಟಿಂಗ್ ಎಂದರೆ ಮಷಿನ್ ಇಟ್ಟು ಜೋರು ಒತ್ತಡದ ನೀರು ಹಾಯಿಸಿ ಪೈಪು ತೊಳೆಯುವುದು. ಮೊದಲು ಒಂದು ಪರೀಕ್ಷೆ ಮಾಡಿ. ಸಿಂಕಿನಲ್ಲಿ ನೀರು ನಿಂತಿರುವಾಗ ಬಚ್ಚಲಿಗೆ ಎರಡು ಬಕೆಟ್ ನೀರು ಸುರಿಯಿರಿ. ಟಾಯ್ಲೆಟ್ ಫ್ಲಶ್ ಮಾಡಿ. ಎರಡೂ ಕಡೆ ನೀರು ಸರಾಗವಾಗಿ ಹೋದರೆ ನಿಮ್ಮ ದೊಡ್ಡ ಲೈನ್ ಚೆನ್ನಾಗಿದೆ ಎಂದರ್ಥ. ತೊಂದರೆ ಇರುವುದು ಸಿಂಕಿಗೂ ಹೊರಗಿನ ಗಲ್ಲಿ ಟ್ರ್ಯಾಪಿಗೂ ನಡುವಿನ ಹತ್ತು ಹನ್ನೆರಡು ಅಡಿ ಪೈಪಿನಲ್ಲಿ ಮಾತ್ರ. ಅಷ್ಟಕ್ಕೆ ಇಡೀ ಮನೆಗೆ ಜೆಟ್ಟಿಂಗ್ ಯಾಕೆ?

ಗಲ್ಲಿ ಟ್ರ್ಯಾಪ್ ಎಂದರೆ ಅಡುಗೆಮನೆ ಗೋಡೆಯ ಹೊರಗೆ ನೆಲದಲ್ಲಿ ಜಾಲರಿ ಮುಚ್ಚಿರುವ ಸಣ್ಣ ಗುಂಡಿ. ಸಿಂಕ್ ನೀರು ಅಲ್ಲಿಗೆ ಬಂದು, ಅಲ್ಲಿಂದ ಚೇಂಬರಿಗೆ, ಅಂದರೆ ಪೈಪುಗಳು ಕೂಡುವ ಮುಚ್ಚಳದ ತೊಟ್ಟಿಗೆ ಹೋಗುತ್ತದೆ. ಆ ಜಾಲರಿ ಎತ್ತಿ ನೋಡಿ. ಬಹಳ ಮನೆಗಳಲ್ಲಿ ಅದು ಸುಣ್ಣದ ಹಾಗೆ ಬಿಳಿ ಜಿಡ್ಡಿನಿಂದ ತುಂಬಿರುತ್ತದೆ. ಕೈಗವಸು ಹಾಕಿಕೊಂಡು ಅದನ್ನು ಎತ್ತಿ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಬಹುದು.

ಆಮೇಲೆ ಸಿಂಕ್ ಕೆಳಗಿನ ಬಾಟಲ್ ಟ್ರ್ಯಾಪ್. ಕೆಳಗೆ ಬಕೆಟ್ ಇಟ್ಟು, ಅದರ ತಳವನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ಸ್ಪ್ಯಾನರ್ ಬೇಡ, ಪ್ಲಾಸ್ಟಿಕ್ ಸೀಳುತ್ತದೆ. ಒಳಗಿನ ಗಸಿ ತೊಳೆದು, ರಬ್ಬರ್ ರಿಂಗ್ ಸರಿಯಾಗಿ ಕೂರಿಸಿ ಮತ್ತೆ ಹಾಕಿ. ಇನ್ನೂ ಹೋಗದಿದ್ದರೆ ರಬ್ಬರ್ ಬಟ್ಟಲಿನ ಪ್ಲಂಜರ್ ತೆಗೆದುಕೊಳ್ಳಿ. ಬಟ್ಟಲು ಮುಳುಗುವಷ್ಟು ನೀರು ಸಿಂಕಿನಲ್ಲಿರಲಿ. ಸಿಂಕಿನ ಮೇಲಂಚಿನಲ್ಲಿ ಓವರ್‌ಫ್ಲೋ ತೂತಿದ್ದರೆ ಒದ್ದೆ ಬಟ್ಟೆ ತುರುಕಿ ಮುಚ್ಚಿ. ಇಲ್ಲದಿದ್ದರೆ ನೀವು ಒತ್ತಿದ ಗಾಳಿ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಹದಿನೈದು ಇಪ್ಪತ್ತು ಸಲ ಜೋರಾಗಿ ಒತ್ತಿ ಎಳೆಯಿರಿ. ಪೈಪಿನೊಳಗೆ ಕಟ್ಟಿದ್ದನ್ನು ಅಲುಗಾಡಿಸುವುದು ಒತ್ತುವುದಕ್ಕಿಂತ ಎಳೆಯುವುದೇ ಜಾಸ್ತಿ.

ಆದರೆ ನಿಮ್ಮ ನಿಜವಾದ ಪ್ರಶ್ನೆ, ಎರಡು ತಿಂಗಳಿಗೊಮ್ಮೆ ಯಾಕೆ ಕಟ್ಟುತ್ತದೆ ಎನ್ನುವುದು ಅಲ್ವಾ? ನಮ್ಮ ಕಡೆಯ ಅಡುಗೆಮನೆ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಮುದ್ದೆ ಪಾತ್ರೆಯಲ್ಲಿ ತಳ ಹಿಡಿದ ಸೀಕು, ದೋಸೆ ಹಿಟ್ಟು ತೊಳೆದ ನೀರು, ಅನ್ನ ಬಸಿದ ಗಂಜಿ, ಬೋಂಡ ಕರಿದ ಎಣ್ಣೆ ಎಲ್ಲವೂ ಸಿಂಕಿಗೇ ಹೋಗುತ್ತವೆ. ಬೆಂದ ರಾಗಿ ಹಿಟ್ಟು ತಣ್ಣಗಾದರೆ ಅಂಟಿನ ಹಾಗೆ ಗಟ್ಟಿಯಾಗುತ್ತದೆ. ಎಣ್ಣೆಯೂ ಹಾಗೆಯೇ. ಬಿಸಿನೀರು, ಸೋಪು ಹಾಕಿ ತೊಳೆದಾಗ ಕರಗಿ ಹೋದಂತೆ ಕಾಣುತ್ತದೆ. ಮುಂದೆ ಪೈಪಿನಲ್ಲಿ ತಣ್ಣಗಾಗಿ ಗೋಡೆಗೆ ಹತ್ತಿಕೊಳ್ಳುತ್ತದೆ. ಪ್ಲಂಬರ್ ಸ್ಪ್ರಿಂಗ್ ಹಾಕಿದಾಗ ಆ ಜಿಡ್ಡಿನ ಮಧ್ಯೆ ಒಂದು ತೂತಾಗುತ್ತದೆ, ಅಷ್ಟೇ. ಗೋಡೆಯ ಜಿಡ್ಡು ಹಾಗೇ ಉಳಿಯುತ್ತದೆ. ಎರಡು ತಿಂಗಳಲ್ಲಿ ತೂತು ಮತ್ತೆ ಮುಚ್ಚುತ್ತದೆ.

ನಮ್ಮ ಹಿರಿಯರು ಮುಸುರೆಯನ್ನು ಕಲಗಚ್ಚಿನ ಬಾನಿಗೆ ಸುರಿದು ಹಸುವಿಗೆ ಕೊಡುತ್ತಿದ್ದರು. ಆಗ ಮೋರಿ ಕಟ್ಟುವ ಮಾತು ಕಡಿಮೆಯಿತ್ತು. ಈಗ ಹಸು ಇಲ್ಲ, ಆದರೆ ಸೀಕನ್ನು ನೆನೆಸಿ ಕೆರೆದು ಹಸಿ ಕಸಕ್ಕೆ ಹಾಕಬಹುದು. ಎಣ್ಣೆ ಪಾತ್ರೆಯನ್ನು ಹಳೇ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಬಹುದು. ರಾತ್ರಿ ಪಾತ್ರೆ ತೊಳೆದ ಮೇಲೆ ಒಂದು ಬಕೆಟ್ ಬಿಸಿನೀರು ಒಂದೇ ಸಲ ಸುರಿಯಿರಿ. ಕುದಿಯುವ ನೀರು ಬೇಡ, ಪಿವಿಸಿ ಪೈಪು ಮೆತ್ತಗಾಗುತ್ತದೆ. ಸ್ನಾನಕ್ಕೆ ಕಾಯಿಸುವಷ್ಟು ಸಾಕು.

ಇಷ್ಟೆಲ್ಲ ಮಾಡಿಯೂ ಕಟ್ಟಿದರೆ ತಪ್ಪು ಪೈಪಿನದ್ದು. ನಾಲ್ಕು ಇಂಚಿನ ಚರಂಡಿ ಪೈಪಿಗೆ ಸುಮಾರು 40 ಅಡಿಗೆ ಒಂದು ಅಡಿ ಇಳಿಜಾರು ಕೊಡುವುದು ಹಳೆಯ ಪದ್ಧತಿ. ಸಿಂಕಿನ ಪೈಪು ಇನ್ನೂ ಸಣ್ಣದು, ಅದಕ್ಕೆ ಇಳಿಜಾರು ಇನ್ನೂ ಹೆಚ್ಚು ಬೇಕು. ಗಾರೆಯವರು ಅದನ್ನು ಮಟ್ಟಸವಾಗಿ ಮಲಗಿಸಿದ್ದರೆ ಜಿಡ್ಡು ನಿಲ್ಲಲೇಬೇಕು. ಆ ತುಂಡನ್ನು ಬಿಚ್ಚಿಸಿ, ಇಳಿಜಾರು ಸರಿಮಾಡಿಸಿ, ಮೂಲೆಯಲ್ಲಿ ಒಂದು ಡೋರ್ ಬೆಂಡ್ ಹಾಕಿಸಿ. ಅದಕ್ಕೆ ಬಾಗಿಲಿನ ಹಾಗೆ ಬಿಚ್ಚುವ ಮುಚ್ಚಳ ಇರುತ್ತದೆ. ಈಗ ನೀವು ವರ್ಷಕ್ಕೆ ಆರು ಸಲ 500 ಕೊಟ್ಟು 3,000 ಖರ್ಚು ಮಾಡುತ್ತಿದ್ದೀರಿ. ಸುಮಾರು ಅಷ್ಟೇ ದುಡ್ಡಿನಲ್ಲಿ, ಪೈಪು ಗೋಡೆಯ ಹೊರಗಿದ್ದರೆ, ಈ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ಬಾತ್‌ರೂಮ್ ಕಟ್ಟಿತ್ತು. ಅಂಗಡಿಯಿಂದ ಡ್ರೈನ್ ಕ್ಲೀನರ್ ಪುಡಿ ತಂದು ಹಾಕಿದೆ, ಹೋಗಲಿಲ್ಲ. ಆಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದೆ. ಬುಸ್ಸೆಂದು ಹೊಗೆ ಬಂದು ಕೆಮ್ಮು ಹತ್ತಿತು. ಏನಾಗಿತ್ತು?
ಯುವಕ, ವಿಜಯನಗರ 4ನೇ ಹಂತ

ದೇವರ ದಯೆ, ಕಣ್ಣಿಗೆ ಸಿಡಿಯಲಿಲ್ಲ. ದಯವಿಟ್ಟು ಇನ್ನೊಮ್ಮೆ ಹಾಗೆ ಮಾಡಬೇಡಿ.

ಆ ಪುಡಿಯಲ್ಲಿ ಮುಖ್ಯವಾಗಿ ಇರುವುದು ಕಾಸ್ಟಿಕ್ ಸೋಡ. ನೀರು ತಾಕಿದರೆ ತಾನೇ ಬಿಸಿಯಾಗುತ್ತದೆ, ಜಿಡ್ಡನ್ನು ಸೋಪಾಗಿ ಮಾಡಿ ಕರಗಿಸುತ್ತದೆ. ಆಸಿಡ್ ಅದಕ್ಕೆ ಪೂರ್ತಿ ಎದುರಾಳಿ. ಎರಡೂ ಸೇರಿದರೆ ವಿಪರೀತ ಶಾಖ ಹುಟ್ಟಿ ಕುದಿದು ಮೇಲಕ್ಕೆ ಎರಚುತ್ತದೆ. ಇನ್ನೂ ಕೆಟ್ಟದ್ದೆಂದರೆ ಆಸಿಡ್ಡನ್ನು ಬ್ಲೀಚಿಂಗ್ ಪೌಡರ್ ಜೊತೆ ಸೇರಿಸುವುದು. ಅದರಿಂದ ಕ್ಲೋರಿನ್ ಅನಿಲ ಬರುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಮನೆಗೆಲಸದವರಿಗೂ ಇದನ್ನು ಹೇಳಿ. ಪಾಪ, ಅವರಿಗೆ ಯಾರೂ ಹೇಳಿರುವುದಿಲ್ಲ.

ಪುಡಿ ಪ್ರಯೋಜನಕ್ಕೆ ಬರುವುದು ನೀರು ನಿಧಾನವಾಗಿ ಹೋಗುತ್ತಿರುವಾಗ ಮಾತ್ರ. ಪೂರ್ತಿ ಕಟ್ಟಿದ್ದರೆ ಅದು ನಿಂತ ನೀರಿನಲ್ಲೇ ಉಳಿಯುತ್ತದೆ, ಕಟ್ಟಿದ ಜಾಗಕ್ಕೆ ತಲುಪುವುದಿಲ್ಲ. ಆಮೇಲೆ ಬಂದ ಪ್ಲಂಬರ್ ಅದೇ ನೀರಿಗೆ ಕೈ ಹಾಕುತ್ತಾರೆ. ಏನು ಸುರಿದಿದ್ದೀರಿ ಎಂದು ಅವರಿಗೆ ಬಾಗಿಲಲ್ಲೇ ಹೇಳಿ. ಇನ್ನು ಅಡುಗೆ ಸೋಡ, ವಿನೆಗರ್ ಸೇರಿಸಿ ಸುರಿಯುವ ಉಪಾಯ ಎಲ್ಲರ ಫೋನಿಗೂ ಬಂದಿರುತ್ತದೆ. ನೊರೆ ಚೆನ್ನಾಗಿ ಬರುತ್ತದೆ, ಆದರೆ ಒಂದನ್ನೊಂದು ತಣಿಸಿ ಉಳಿಯುವುದು ಉಪ್ಪುನೀರಿನಂಥದ್ದೇ. ಕಟ್ಟಿದ ಪೈಪನ್ನು ಅದು ಬಿಡಿಸುವುದಿಲ್ಲ.

ಬಾತ್‌ರೂಮಿನಲ್ಲಿ ಕಟ್ಟುವುದು ಬಹುತೇಕ ಕೂದಲು ಮತ್ತು ಸೋಪಿನ ಕೆನೆ. ಬೋರ್‌ವೆಲ್ ಗಡಸು ನೀರಿದ್ದರೆ ಸೋಪು ಕರಗದೆ ಇನ್ನೂ ಜಾಸ್ತಿ ಕೂರುತ್ತದೆ. ಬಚ್ಚಲ ನೆಲದಲ್ಲಿ ನೀರು ಇಳಿಯುವ ಬಾಯಿಗೆ ನಾನಿ ಟ್ರ್ಯಾಪ್ ಎನ್ನುತ್ತಾರೆ. ಅದರ ಜಾಲರಿ ಎತ್ತಿ, ಒಳಗಿನ ಬಟ್ಟಲು ತೆಗೆದು, ಕೊಕ್ಕೆ ಮಾಡಿದ ತಂತಿಯಿಂದ ಕೂದಲು ಎಳೆಯಿರಿ. ಐದು ನಿಮಿಷದ ಕೆಲಸ. ಖರ್ಚು ಸೊನ್ನೆ.

ನಮ್ಮದು ಹಳೇ ಮನೆ. ಟಾಯ್ಲೆಟ್ ಫ್ಲಶ್ ಮಾಡಿದರೆ ಬಚ್ಚಲಲ್ಲಿ ಗಲೀಜು ನೀರು ಮೇಲೆ ಬರುತ್ತದೆ. ಮಳೆ ಬಂದಾಗ ಇನ್ನೂ ಕಷ್ಟ. ಇದು ಪಾಲಿಕೆ ಮಾಡಬೇಕಾ, ನಾವು ಮಾಡಿಸಬೇಕಾ? ಎಷ್ಟು ಖರ್ಚಾಗಬಹುದು?
ನಿವೃತ್ತ ಶಿಕ್ಷಕರು, ಚಾಮುಂಡಿಪುರಂ

ಮೇಷ್ಟ್ರೇ, ಚೇಂಬರ್ ಮುಚ್ಚಳ ತೆಗೆಸಿದರೆ ಉತ್ತರ ಅಲ್ಲೇ ಸಿಗುತ್ತದೆ. ಮನೆಯ ಹತ್ತಿರದ ಚೇಂಬರಿನಿಂದ ಗೇಟಿನ ಕಡೆಗೆ ಒಂದೊಂದೇ ನೋಡುತ್ತಾ ಹೋಗಿ. ತುಂಬಿರುವ ಚೇಂಬರಿಗೂ ಅದರ ಮುಂದಿನ ಖಾಲಿ ಚೇಂಬರಿಗೂ ನಡುವೆ ಕಟ್ಟಿದೆ. ಗೇಟಿನ ಹತ್ತಿರದ ಕೊನೆಯ ಚೇಂಬರ್ ಖಾಲಿ ಇದ್ದರೆ ತೊಂದರೆ ನಿಮ್ಮ ಕಾಂಪೌಂಡಿನ ಒಳಗೆ, ಖರ್ಚು ನಿಮ್ಮದು. ಕೊನೆಯದೂ ತುಂಬಿದ್ದು, ರಸ್ತೆಯ ಮ್ಯಾನ್‌ಹೋಲ್ ಕೂಡ ಉಕ್ಕುತ್ತಿದ್ದರೆ, ಅಕ್ಕಪಕ್ಕದ ಮನೆಯವರಿಗೂ ಅದೇ ಕಷ್ಟ ಇದ್ದರೆ, ಅದು ಯುಜಿಡಿ, ಅಂದರೆ ಊರಿನ ಒಳಚರಂಡಿಯ ಮುಖ್ಯ ಲೈನಿನದ್ದು. ಪಾಲಿಕೆಯ ವಲಯ ಕಚೇರಿಗೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಖಾಸಗಿಯವರಿಗೆ ದುಡ್ಡು ಕೊಡಬೇಡಿ. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ನೀವಾಗಿ ತೆಗೆಯಲೂಬೇಡಿ.

ಮಳೆಗಾಲದಲ್ಲಿ ಜಾಸ್ತಿ ಎಂದಿರಿ. ತಾರಸಿಯ ನೀರು ಯುಜಿಡಿ ಚೇಂಬರಿಗೆ ಸೇರಿದೆಯೇ ನೋಡಿ. ಮೈಸೂರಿನ ಎಷ್ಟೋ ಮನೆಗಳಲ್ಲಿ ಹೀಗೆ ಮಾಡಿಬಿಟ್ಟಿದ್ದಾರೆ. ಒಳಚರಂಡಿ ಮನೆಯ ಕೊಳಚೆಗೆ ಮಾತ್ರ. ಮಳೆ ನೀರು ಅದರೊಳಗೆ ನುಗ್ಗಿದರೆ ತಗ್ಗಿನಲ್ಲಿರುವ ಮನೆಯವರ ಬಚ್ಚಲಲ್ಲಿ ಮೇಲೇಳುತ್ತದೆ. ನಿಮ್ಮದು ತಗ್ಗಿನ ಮನೆಯಾಗಿದ್ದರೆ ಮೇಲಿನ ಬೀದಿಯವರ ತಪ್ಪಿಗೆ ನೀವು ಅನುಭವಿಸುತ್ತಿರಬಹುದು. ಬೀದಿಯವರೆಲ್ಲ ಸೇರಿ ಮಾತಾಡಬೇಕಾದ ವಿಷಯ ಇದು.

ಇನ್ನು ಹಳೇ ಮೈಸೂರಿನ ಮನೆಗಳದ್ದೇ ಒಂದು ಕಥೆ. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆದ ಮೇಲೆ ಬೆಳೆದ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಶುಚಿ ಕೆಲಸಕ್ಕೆಂದು ಬಿಟ್ಟ ಸಣ್ಣ ಓಣಿ ಇರುತ್ತದೆ. ನಿಮ್ಮ ಲೈನು ಮುಂದಿನ ರಸ್ತೆಗಲ್ಲ, ಹಿಂದಿನ ಗಲ್ಲಿಗೆ ಹೋಗುತ್ತಿರಬಹುದು. ಚೇಂಬರ್ ಹುಡುಕುವಾಗ ಅಲ್ಲೂ ನೋಡಿ. ಹಳೇ ಪೈಪು ಸ್ಟೋನ್‌ವೇರ್, ಅಂದರೆ ಸುಟ್ಟ ಜೇಡಿಮಣ್ಣಿನದ್ದಾಗಿದ್ದರೆ ಎರಡಡಿಗೋ ಮೂರಡಿಗೋ ಒಂದು ಸಿಮೆಂಟ್ ಜಾಯಿಂಟ್ ಇರುತ್ತದೆ. ಜಾಯಿಂಟ್ ಬಿರುಕು ಬಿಟ್ಟರೆ ನೀರಿನ ಪಸೆ ಹುಡುಕಿಕೊಂಡು ಮರದ ಬೇರು ಒಳಗೆ ಬರುತ್ತದೆ. ಕಾಂಪೌಂಡಿನಲ್ಲಿ ತೆಂಗಿನ ಮರ, ಸಂಪಿಗೆ ಮರ ಇದ್ದರೆ ಮೊದಲು ಅದರ ಮೇಲೆ ಅನುಮಾನ ಪಡಿ.

ಈಗ ಖರ್ಚಿನ ಮಾತು. ನಾನು ನೋಡಿದಂತೆ ಸಾಮಾನ್ಯವಾಗಿ ಹೀಗಿರುತ್ತದೆ. ಕೈ ಸ್ಪ್ರಿಂಗ್ ಹಾಕಿ ಸಿಂಕು, ಬಚ್ಚಲು ಬಿಡಿಸಲು 300ರಿಂದ 600. ಚೇಂಬರುಗಳ ನಡುವೆ ಮೋಟಾರ್ ಸ್ಪ್ರಿಂಗ್ ಮಷಿನ್ ಓಡಿಸಲು 1,000ದಿಂದ 2,500. ಜೆಟ್ಟಿಂಗ್ ಆದರೆ 2,500ರಿಂದ 6,000. ಭಾನುವಾರ, ರಾತ್ರಿ ಹೊತ್ತು, ದಸರಾ ಸಮಯದಲ್ಲಿ ಕರೆದರೆ ಇನ್ನೂ ಮೇಲೆ. ಬೇರು ಬಂದಿದ್ದರೆ ಸ್ಪ್ರಿಂಗ್ ಅದನ್ನು ಕತ್ತರಿಸುತ್ತದೆ, ಆದರೆ ಬೇರು ಮತ್ತೆ ಬೆಳೆಯುತ್ತದೆ. ಜೆಟ್ಟಿಂಗ್ ಪೈಪಿನ ಗೋಡೆಯನ್ನೂ ತೊಳೆಯುತ್ತದೆ. ಜಿಡ್ಡು, ಹೂಳು ತುಂಬಿದ ಲೈನಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಒಡೆದ ಸ್ಟೋನ್‌ವೇರ್ ಜಾಯಿಂಟಿಗೆ ಆ ಒತ್ತಡ ತಡೆಯುವುದು ಕಷ್ಟ. ಹಾಗಾಗಿ ಹಳೇ ಲೈನಿಗೆ ಮೊದಲು ಕ್ಯಾಮೆರಾ ಬಿಟ್ಟು ನೋಡಿಸಿ. ಒಡೆದಿದ್ದರೆ ಆ ತುಂಡನ್ನು ಅಗೆದು ಪಿವಿಸಿ ಹಾಕಿಸುವುದೇ ಸರಿ.

ಒಪ್ಪುವ ಮೊದಲು ಕೇಳಿ: ದರ ಗಂಟೆಗಾ, ಅಡಿಗಾ, ಒಟ್ಟಿಗಾ? ಹೋಗದಿದ್ದರೆ ಎಷ್ಟು ಕೊಡಬೇಕು? ತಿಂಗಳೊಳಗೆ ಮತ್ತೆ ಕಟ್ಟಿದರೆ ಪುಕ್ಕಟೆ ಬರುತ್ತಾರಾ? ಕೆಲಸ ಮುಗಿದ ಮೇಲೆ ನಾಲ್ಕು ಬಕೆಟ್ ನೀರು ಒಂದೇ ಸಲ ಸುರಿಸಿ, ಕೊನೆಯ ಚೇಂಬರಿನಲ್ಲಿ ಅದು ಓಡುವುದನ್ನು ಕಣ್ಣಾರೆ ನೋಡಿ ದುಡ್ಡು ಕೊಡಿ. ಸರಸ್ವತಿಪುರಂನ ಒಂದು ಮನೆಯಲ್ಲಿ ಎರಡು ಸಲ ಜೆಟ್ಟಿಂಗ್‌ಗೆ ದುಡ್ಡು ಸುರಿದ ಮೇಲೆ ನನ್ನನ್ನು ಕರೆದಿದ್ದರು. ಚೇಂಬರ್ ಬಾಯಲ್ಲಿ ಗಾರೆಯವರು ಬಿಟ್ಟುಹೋದ ಸಿಮೆಂಟ್ ಚೀಲದ ಚೂರು ಸಿಕ್ಕಿಕೊಂಡಿತ್ತು. ಎರಡು ಸಲವೂ ಯಾರೂ ಬಗ್ಗಿ ನೋಡಿರಲಿಲ್ಲ. ಆ ಮನೆಯ ಅಜ್ಜಿ ಪಿಂಚಣಿ ದುಡ್ಡಿನಲ್ಲಿ ಕೊಟ್ಟಿದ್ದರು. ಇವತ್ತಿಗೂ ನೆನೆದರೆ ನನಗೆ ಸಂಕಟವಾಗುತ್ತದೆ.

ನಮ್ಮ ಊರಲ್ಲಿ ಯುಜಿಡಿ ಇಲ್ಲ, ಸೆಪ್ಟಿಕ್ ಟ್ಯಾಂಕು. ಸಕ್ಕಿಂಗ್ ಗಾಡಿಯವರು 3,000 ಕೇಳುತ್ತಾರೆ. ಒಬ್ಬರು ಇಳಿದು ಬಕೆಟ್ಟಿನಲ್ಲಿ ಎತ್ತುತ್ತೇನೆ, 1,500 ಸಾಕು ಎನ್ನುತ್ತಾರೆ. ಏನು ಮಾಡಲಿ? ಟ್ಯಾಂಕು ಆರೇ ತಿಂಗಳಿಗೆ ತುಂಬುತ್ತದೆ.
ರೈತರು, ಮಂಡ್ಯ ತಾಲ್ಲೂಕು

ಯಾರನ್ನೂ ಇಳಿಸಬೇಡಿ. ಅವರೇ ಒಪ್ಪಿದರೂ ಬೇಡ, ಪುಕ್ಕಟೆ ಮಾಡಿಕೊಡುತ್ತೇನೆ ಎಂದರೂ ಬೇಡ.

ಗುಂಡಿಯೊಳಗೆ ಹೈಡ್ರೋಜನ್ ಸಲ್ಫೈಡ್ ಅನಿಲ ಇರುತ್ತದೆ. ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಜಾಸ್ತಿಯಾದರೆ ಮೂಗೇ ಸತ್ತು ವಾಸನೆ ಗೊತ್ತಾಗುವುದಿಲ್ಲ. ಇಳಿದವರು ಕೂಗುವ ಮೊದಲೇ ಬೀಳುತ್ತಾರೆ. ಎತ್ತಲು ಹೋದವರೂ ಬೀಳುತ್ತಾರೆ. ಸುರಕ್ಷತಾ ಸಾಧನ ಇಲ್ಲದೆ ಒಬ್ಬರನ್ನು ಹೀಗೆ ಗುಂಡಿಗೆ ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಕೆಲಸ ಹೇಳಿದ ಮನೆಯವರಿಗೂ ಇದು ಅನ್ವಯಿಸುತ್ತದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಕಾಯ್ದೆ ಹಾಗಿರಲಿ, 1,500 ಉಳಿಸಲು ಒಬ್ಬರ ಮನೆಯ ದೀಪ ಆರಿಸುವುದು ಬೇಡ ಅಲ್ವಾ. ಮುಚ್ಚಳ ತೆಗೆದಾಗ ಬೀಡಿ, ಬೆಂಕಿಕಡ್ಡಿ ಹತ್ತಿರ ತರಬೇಡಿ. ಅಲ್ಲಿ ಉರಿಯುವ ಅನಿಲವೂ ಇರುತ್ತದೆ. ಮಕ್ಕಳನ್ನು ದೂರ ಇರಿಸಿ.

ಗಾಡಿಯವರು ಲೋಡ್ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಾರೆ. ನಿಮ್ಮ ಟ್ಯಾಂಕು ಎಷ್ಟೆಂದು ನೀವೇ ಲೆಕ್ಕ ಹಾಕಿ. ಉದ್ದ, ಅಗಲ, ಆಳ ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್. 6 ಅಡಿ ಉದ್ದ, 4 ಅಡಿ ಅಗಲ, 5 ಅಡಿ ಆಳ ಇದ್ದರೆ ಸುಮಾರು 3,400 ಲೀಟರ್. ಗಾಡಿಯ ಟ್ಯಾಂಕ್ ಎಷ್ಟು ಲೀಟರಿನದ್ದು ಎಂದು ಕೇಳಿದರೆ ಎಷ್ಟು ಲೋಡ್ ಬೇಕೆಂದು ನಿಮಗೇ ತಿಳಿಯುತ್ತದೆ. ಎತ್ತಿದ್ದನ್ನು ಎಲ್ಲಿ ಸುರಿಯುತ್ತೀರಿ ಎಂದೂ ಕೇಳಿ. ನಾಲೆಗೆ ಸುರಿಯುವವರನ್ನು ಕರೆಯಬೇಡಿ. ಆ ನೀರು ನಿಮ್ಮದೇ ಗದ್ದೆಗೆ ಬರುತ್ತದೆ.

ಆರು ತಿಂಗಳಿಗೆ ತುಂಬುವುದು ಮಾತ್ರ ಸಹಜವಲ್ಲ. ಸರಿಯಾಗಿ ಕಟ್ಟಿದ ಟ್ಯಾಂಕಿನಿಂದ ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಿದರೆ ಸಾಕು. ನಿಮ್ಮ ಕಡೆ ನಾಲೆ ನೀರು ಬಿಟ್ಟಾಗ, ಭತ್ತದ ಗದ್ದೆ ತುಂಬಿದಾಗ ಅಂತರ್ಜಲ ಮೇಲೇಳುತ್ತದೆ. ಟ್ಯಾಂಕಿನಿಂದ ಹೊರಬಂದ ನೀರು ಮಣ್ಣಿಗೆ ಇಳಿಯುವುದು ಇಂಗು ಗುಂಡಿಯಲ್ಲಿ. ಆಗ ಆ ಗುಂಡಿ ನೀರು ಕುಡಿಯುವುದಿಲ್ಲ. ಟ್ಯಾಂಕು ತುಂಬಿದಂತೆ ಕಾಣುತ್ತದೆ. ನಾಲೆ ನಿಂತ ಮೇಲೆ ಮಟ್ಟ ತಾನೇ ಇಳಿದರೆ ಇದೇ ಕಾರಣ. ಆಗ ಮತ್ತೆ ಮತ್ತೆ ಗಾಡಿ ಕರೆಸುವುದು ಸುಮ್ನೆ ದುಡ್ಡು ಹಾಳು. ಇಂಗು ಗುಂಡಿಯನ್ನು ಎತ್ತರದ ಜಾಗಕ್ಕೆ ಬದಲಿಸಿ, ಬಚ್ಚಲು ನೀರನ್ನು ಬೇರೆ ಮಾಡಿ ಬಾಳೆ ಗಿಡಕ್ಕೆ ಬಿಡಿ. ಕುಡಿಯುವ ನೀರಿನ ಬಾವಿ, ಬೋರ್‌ವೆಲ್ಲಿನಿಂದ ಗುಂಡಿ ದೂರವಿರಲಿ. ಖಾಲಿ ಮಾಡಿಸುವಾಗ ತಳದಲ್ಲಿ ಸ್ವಲ್ಪ ಹೂಳು ಹಾಗೇ ಉಳಿಸಿ. ಕೊಳೆಸುವ ಜೀವಾಣುಗಳು ಅದರಲ್ಲೇ ಇರುತ್ತವೆ. ಫಿನೈಲು, ಆಸಿಡ್ ಜಾಸ್ತಿ ಸುರಿದರೆ ಅವು ಸಾಯುತ್ತವೆ.

ಅಪ್ಪ ಅಮ್ಮನ ಮನೆ ತಿಂಗಳುಗಟ್ಟಲೆ ಬೀಗ ಹಾಕಿರುತ್ತದೆ. ನೀರು ಚೆನ್ನಾಗಿ ಹೋಗುತ್ತದೆ, ಆದರೆ ಬಾಗಿಲು ತೆಗೆದರೆ ಚರಂಡಿ ವಾಸನೆ. ಲೈನ್ ಕ್ಲೀನ್ ಮಾಡಿಸಬೇಕಾ?
ಬೆಂಗಳೂರಿನಲ್ಲಿರುವ ಮಗಳು, ಮನೆ ಜಯಲಕ್ಷ್ಮಿಪುರಂ

ಬೇಡ. ಟ್ರ್ಯಾಪುಗಳಲ್ಲಿ ಎರಡು ಇಂಚಿನಷ್ಟು ನೀರು ನಿಂತು ಚರಂಡಿಯ ಗಾಳಿಯನ್ನು ತಡೆಯುತ್ತಿರುತ್ತದೆ. ಮನೆ ಬೀಗ ಹಾಕಿದಾಗ ಅದು ಆರಿಹೋಗಿದೆ. ಪ್ರತಿ ಬಚ್ಚಲಿಗೂ ಸಿಂಕಿಗೂ ಎರಡು ಚೊಂಬು ನೀರು ಹಾಕಿ, ಫ್ಲಶ್ ಒಮ್ಮೆ ಒತ್ತಿ, ಕಿಟಕಿ ತೆಗೆದಿಡಿ. ಮತ್ತೆ ಬೀಗ ಹಾಕುವಾಗ ನಾನಿ ಟ್ರ್ಯಾಪಿನ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಅದು ಪದರದ ಹಾಗೆ ನಿಂತು ನೀರು ಬೇಗ ಆರದಂತೆ ನೋಡಿಕೊಳ್ಳುತ್ತದೆ. ಪಕ್ಕದ ಮನೆಯಲ್ಲಿ ಕೀಲಿ ಕೊಟ್ಟಿದ್ದರೆ ತಿಂಗಳಿಗೊಮ್ಮೆ ಒಂದು ಚೊಂಬು ನೀರು ಹಾಕಲು ಹೇಳಿ.