ರೀಮ್ಯಾಪ್ ಮಾಡಿಸಿದ ಪೋಲೊಗೆ ಯಾವ ಕ್ಲಚ್? ಪಿಎಸ್ ಬಿಡಿ, ಟಾರ್ಕ್ ನೋಡಿ

ಸರ್, ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. 1.5 ಪೋಲೊ ಜಿಟಿ ಟಿಡಿಐ, ಸ್ಟೇಜ್ 1 ರೀಮ್ಯಾಪ್ (ಪಾರ್ಟ್ಸ್ ಮುಟ್ಟದೆ ಇಂಜಿನ್ನಿನ ಸಾಫ್ಟ್‌ವೇರ್ ಮಾತ್ರ ಬದಲಾಯಿಸೋದು), ಅದನ್ನು ಮಾಡಿಕೊಟ್ಟ ಟ್ಯೂನರ್ ಹೇಳಿದ ಲೆಕ್ಕ ಪವರ್ 150 ಪಿಎಸ್, ಟಾರ್ಕ್ (ತಿರುಗಿಸುವ ಬಲ) 320 ಎನ್‌ಎಂ. ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ಆರ್‌ಪಿಎಂ ಏರುತ್ತೆ, ಗಾಡಿ ಎಳೆಯಲ್ಲ. ಗ್ಯಾರೇಜಿನವರು ಸೆರಾಮಿಕ್ ಪ್ಲೇಟಿನ ಇಂಪೋರ್ಟೆಡ್ ಕಿಟ್ ಹಾಕಿಸಿ ಅಂದಿದ್ದಾರೆ, ನಿಮಗೆ ಅಷ್ಟು ದುಡ್ಡು ಹಾಕೋ ಮನಸ್ಸಿಲ್ಲ. ದಿನಾ ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿಗೆ ಓಡಿಸೋ ಗಾಡಿಗೆ ಆ ಕಿಟ್ ಬೇಡವೇ ಬೇಡ ಅಂತ ನನ್ನ ಖಚಿತ ಅಭಿಪ್ರಾಯ.

ಮೊದಲು ಇದು ನಿಜವಾಗಲೂ ಸ್ಲಿಪ್ಪೇನಾ, ಅಂದರೆ ಕ್ಲಚ್ ಜಾರುತ್ತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಖಾಲಿ ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ 1500 ಆರ್‌ಪಿಎಂನಿಂದ ಪೂರ್ತಿ ಒತ್ತಿ. 1800 ದಾಟುತ್ತಿದ್ದ ಹಾಗೆ ಟರ್ಬೊ ತುಂಬಿಕೊಳ್ಳುತ್ತೆ. ಅಲ್ಲಿ ಆರ್‌ಪಿಎಂ ಮುಳ್ಳು ದಿಢೀರ್ ಅಂತ ಮುನ್ನೂರು ನಾನೂರು ಮೇಲಕ್ಕೆ ಹಾರಿ, ಸ್ಪೀಡ್ ಮುಳ್ಳು ಇದ್ದಲ್ಲೇ ಇದ್ದರೆ ಸ್ಲಿಪ್ಪೇ. ಒಂದು ಸಲ ನೋಡಿದರೆ ಸಾಕು, ಮತ್ತೆ ಮತ್ತೆ ಮಾಡಿದರೆ ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿಕೊಳ್ಳೋ ಇಂಜಿನ್ನಿನ ಭಾರದ ಚಕ್ರ) ಸುಡುತ್ತೆ.

ಈಗ ಮುಖ್ಯ ವಿಷಯ. ಕ್ಲಚ್‌ಗೆ ಪಿಎಸ್ ಲೆಕ್ಕಕ್ಕಿಲ್ಲ, ಅದರ ಮೇಲೆ ಬೀಳೋದು ಟಾರ್ಕ್. 2000 ಆರ್‌ಪಿಎಂನಲ್ಲಿ 320 ಎನ್‌ಎಂ ಬಂದರೂ ಅಲ್ಲಿ ಇಂಜಿನ್ ಕೊಡೋದು ಸುಮಾರು 91 ಪಿಎಸ್ ಅಷ್ಟೇ. ಅದೇ 4000ದಲ್ಲಿ 150 ಪಿಎಸ್ ಬರೋಕೆ ಸುಮಾರು 263 ಎನ್‌ಎಂ ಸಾಕು. ಕಂಪನಿ ಟಾರ್ಕೇ 250 ಇದೆ. ಅಂದರೆ ನಿಮ್ಮ ಕ್ಲಚ್ಚನ್ನು ತಿನ್ನುತ್ತಿರೋದು ಮೇಲಿನ ಪವರ್ ಅಲ್ಲ, 1800ರಿಂದ 2500ರ ನಡುವಿನ ಆ ಒಂದು ಗುದ್ದು. ಹಾಗಾಗಿ ಪಾರ್ಟ್ಸ್ ಅಂಗಡಿಗೆ ಹೋಗೋ ಮೊದಲು ಟ್ಯೂನರ್ ಹತ್ತಿರ ಹೋಗಿ. ಕೆಳಗಿನ ಟಾರ್ಕನ್ನು 290ರ ಆಸುಪಾಸಿಗೆ ಕಟ್ಟಿಹಾಕಿ, ಏರಿಕೆ ನಿಧಾನ ಮಾಡಿ, ಮೇಲಿನದು ಹಾಗೇ ಇರಲಿ ಅಂತ ಕೇಳಿ. ಹೈವೇ ಓವರ್‌ಟೇಕಿಂಗಿನಲ್ಲಿ ನಿಮಗೆ ವ್ಯತ್ಯಾಸ ಗೊತ್ತಾಗೋದು ಕಡಿಮೆ, ಕ್ಲಚ್‌ಗೆ ಮಾತ್ರ ತುಂಬಾ ಗೊತ್ತಾಗುತ್ತೆ. ಸವೆದಿರೋ ಕ್ಲಚ್ ಇದರಿಂದ ವಾಪಸ್ ಸರಿಹೋಗಲ್ಲ. ಆದರೆ ಹೊಸದಾಗಿ ಕ್ಲಚ್ ಬ್ರ್ಯಾಂಡುಗಳಾದ ಲುಕ್ ಅಥವಾ ಸ್ಯಾಕ್ಸ್‌ನ ಮಾಮೂಲಿ ಸೆಟ್ಟನ್ನೇ ಧೈರ್ಯವಾಗಿ ಹಾಕಿಸಬಹುದು. ಅತಿ ಕಡಿಮೆ ಖರ್ಚಿನ ದಾರಿ ಇದೇ.

320 ಬೇಕೇ ಬೇಕು ಅಂದರೆ? ಕ್ಲಚ್ ಎಷ್ಟು ಟಾರ್ಕ್ ತಡೆಯುತ್ತೆ ಅನ್ನೋದು ಪ್ಲೇಟಿನ ಅಳತೆ, ಒತ್ತುವ ಬಲ, ಲೈನಿಂಗಿನ (ಪ್ಲೇಟಿನ ಮೇಲಿನ ಉಜ್ಜುವ ಪದರ) ಹಿಡಿತ ಈ ಮೂರರ ಮೇಲಿದೆ. ಅಳತೆ ಬದಲಾಯಿಸೋಕೆ ಜಾಗವಿಲ್ಲ. ಒತ್ತುವ ಬಲ ಹೆಚ್ಚಿಸಿ, ಅಂದರೆ ಗಟ್ಟಿ ಸ್ಪ್ರಿಂಗಿನ ಪ್ರೆಷರ್ ಪ್ಲೇಟ್, ಜೊತೆಗೆ ಮಾಮೂಲಿ ಆರ್ಗ್ಯಾನಿಕ್ ಲೈನಿಂಗಿನ ಕ್ಲಚ್ ಪ್ಲೇಟ್. ಪೆಡಲ್ ಸ್ವಲ್ಪ ಗಟ್ಟಿಯಾಗುತ್ತೆ, ಒಂದು ವಾರದಲ್ಲಿ ಕಾಲಿಗೆ ಅಭ್ಯಾಸ ಆಗುತ್ತೆ. ಸೆರಾಮಿಕ್ ಹಾಗಲ್ಲ. ಹಾಫ್ ಕ್ಲಚ್ ಅನ್ನೋದೇ ಇರಲ್ಲ, ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಗಾಡಿ ಎಗರೆಗರಿ ಹೋಗುತ್ತೆ, ಫ್ಲೈವೀಲನ್ನೂ ಬೇಗ ಸವೆಸುತ್ತೆ. ಟ್ರ್ಯಾಕಿಗೆ ಅದು ಸರಿ. ಕೆವ್ಲಾರ್ ನಾರಿನ ಲೈನಿಂಗ್ ಬಾಳಿಕೆ ಬರುತ್ತೆ, ಆದರೆ ಜಾಮಿನಲ್ಲಿ ಅತಿಯಾಗಿ ಬಿಸಿಯಾದರೆ ಮೇಲ್ಮೈ ಗಾಜಿನ ಹಾಗೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತೆ. ಕಿಟ್ ಎಷ್ಟು ಎನ್‌ಎಂ ತಡೆಯುತ್ತೆ ಅಂತ ಅಂಗಡಿಯವರನ್ನು ಕೇಳುವಾಗ ಅದು ಇಂಜಿನ್ ಟಾರ್ಕೋ ಚಕ್ರದ ಟಾರ್ಕೋ ಅಂತ ಬಿಡಿಸಿ ಕೇಳಿ. ಇಂಜಿನ್ ಟಾರ್ಕ್ ಲೆಕ್ಕದಲ್ಲಿ 360 ಇದ್ದರೆ ನಿಶ್ಚಿಂತೆ.

ಹಳೇ ಪ್ಲೇಟಿಗೆ ಹೊಸ ಲೈನಿಂಗ್ ಹೊಡೆಸಿದರೆ ಹೇಗೆ ಅಂತಲೂ ಕೇಳಿದ್ದೀರಿ. ದಯವಿಟ್ಟು ಬೇಡ. ಪ್ಲೇಟಿನ ಸ್ಪ್ರಿಂಗುಗಳು ಆಗಲೇ ದಣಿದಿರುತ್ತವೆ, ರಿವೆಟ್ ಸಡಿಲವಾದರೆ 4000 ಆರ್‌ಪಿಎಂನಲ್ಲಿ ಲೈನಿಂಗ್ ಕಿತ್ತು ಬರುತ್ತೆ.

ನಿಮ್ಮದು ಡ್ಯುಯಲ್ ಮಾಸ್ ಫ್ಲೈವೀಲ್ (ನಡುವೆ ಸ್ಪ್ರಿಂಗ್ ಇರೋ ಎರಡು ಭಾಗದ್ದು) ಅಂತ ಗ್ಯಾರೇಜಿನವರು ಹೇಳಿದ್ದಾರೆ ಅಂದಿರಿ. ನಿಜವಾದ ದೊಡ್ಡ ಖರ್ಚು ಅಲ್ಲಿರೋದು. ಗೇರ್‌ಬಾಕ್ಸ್ ಇಳಿಸಿದಾಗ ನೀವೇ ಹೋಗಿ ನಿಂತು ನೋಡಿ. ಕೈಯಲ್ಲಿ ಹಿಡಿದು ಅತ್ತ ಇತ್ತ ತಿರುಗಿಸಿದಾಗ ಮಿತಿಮೀರಿ ಆಡುತ್ತಾ, ಒಳಗಿನ ಗ್ರೀಸ್ ಹೊರಗೆ ಎರಚಿದೆಯಾ, ಉಜ್ಜುವ ಮೈಯಲ್ಲಿ ನೀಲಿ ಕಲೆಗಳು, ಸಣ್ಣ ಬಿರುಕುಗಳು ಇವೆಯಾ? ಇದ್ದರೆ ಬದಲಾಯಿಸಲೇಬೇಕು, ಇದನ್ನು ಲೇತ್‌ಗೆ ಹಾಕಿ ನಯ ಮಾಡಿಸೋ ಹಾಗಿಲ್ಲ. ದುಡ್ಡು ಉಳಿಸೋಕೆ ಸಿಂಗಲ್ ಮಾಸ್ ಹಾಕಿಸೋರು ಇದ್ದಾರೆ. ಆದರೆ ಡೀಸೆಲ್ ಇಂಜಿನ್ನಿನ ನಡುಕ ನೇರ ಗೇರ್‌ಬಾಕ್ಸಿಗೆ ಹೋಗುತ್ತೆ, ಐಡಲ್‌ನಲ್ಲೇ ಕಟಕಟ ಸದ್ದು ಶುರು. ಮನೆಯವರು ಕೂರೋ ಗಾಡಿಗೆ ನಾನು ಹೇಳಲ್ಲ.

ಬೆಲ್ ಹೌಸಿಂಗ್ (ಕ್ಲಚ್ ಕೂರೋ ಗೂಡು) ಒಳಗೆ ಎಣ್ಣೆ ಪಸೆ ಕಂಡರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿರೋ ಸಾಧ್ಯತೆ ಹೆಚ್ಚು. ಅದನ್ನು ಹಾಗೇ ಬಿಟ್ಟು ಎಂಥ ಕ್ಲಚ್ ಹಾಕಿದರೂ ಮತ್ತೆ ಜಾರುತ್ತೆ. ಸೀಲ್, ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸೋದು) ಎರಡನ್ನೂ ಈಗಲೇ ಹಾಕಿಸಿಬಿಡಿ, ಆಮೇಲೆ ಇದಕ್ಕೇ ಇನ್ನೊಂದು ಸಲ ಗೇರ್‌ಬಾಕ್ಸ್ ಇಳಿಸೋ ಲೇಬರ್ ಯಾಕೆ ಕೊಡಬೇಕು?

ಜೆಸಿ ರೋಡಿನ ಪಾರ್ಟ್ಸ್ ಅಂಗಡಿಗಳಲ್ಲಿ ಕೊಳ್ಳೋದಾದರೆ ಬಿಲ್ ಇಲ್ಲದೆ ತರಬೇಡಿ. ಲುಕ್ ಶೆಫ್ಲರ್ ಕಂಪನಿಯದು, ಪೆಟ್ಟಿಗೆಯ ಮೇಲಿನ ಕೋಡನ್ನು ಅವರದೇ ಒರಿಜಿನ್‌ಚೆಕ್ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ ಅಸಲಿಯೋ ನಕಲಿಯೋ ಅಂಗಡಿಯಲ್ಲೇ ನೋಡಬಹುದು.

ಹಾಕಿಸಿದ ಮೇಲೆ ಮೊದಲ 800 ಕಿಲೋಮೀಟರ್ ಊರೊಳಗೇ ಮೆತ್ತಗೆ ಓಡಿಸಿ. ಅಷ್ಟು ದಿನ ಟ್ಯೂನರ್ ಹತ್ತಿರ ಸ್ಟಾಕ್ ಮ್ಯಾಪ್ (ಕಂಪನಿಯ ಮೂಲ ಸಾಫ್ಟ್‌ವೇರ್) ಹಾಕಿಸಿಕೊಂಡರೆ ಇನ್ನೂ ಒಳ್ಳೇದು. ಗೇರ್‌ಬಾಕ್ಸ್ ಇಳಿಸಿದ ದಿನ ಫ್ಲೈವೀಲಿನ ಫೋಟೊ, ಆಡುವಿಕೆಯ ವಿಡಿಯೊ ಇಲ್ಲೇ ಹಾಕಿ, ನೋಡಿ ಹೇಳ್ತೀನಿ. ಅಲ್ಲಿವರೆಗೂ ಯಾವ ಸೆಟ್ಟಿಗೂ ಅಡ್ವಾನ್ಸ್ ಕೊಡಬೇಡಿ.